ಮರಳಿನ ಮೇಲೆ ನಲವತ್ತು ಹೆಜ್ಜೆ

ಸೂರ್ಯ ಹುಟ್ಟಲು ಇನ್ನೂ ಅರ್ಧ ಗಂಟೆಯಿದೆ. ಮರುಭೂಮಿಯ ಪ್ರವಾಸಿ ಶಿಬಿರದಲ್ಲಿ ಸಲಿಕೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಗೂಟದ ಮೇಸ್ತ್ರಿ ಮೊಣಕಾಲುದ್ದದ ಗುಂಡಿಗೆ ಮರಳು ತುಂಬಿದ ಚೀಲ ಇಳಿಸಿ, ಅದರ ಕುತ್ತಿಗೆಗೆ ಬಿಗಿದ ಹಗ್ಗದ ತುದಿಯನ್ನು ಮೇಲಕ್ಕೆಳೆದು, ಗುಂಡಿ ಮುಚ್ಚಿ ತುಳಿಯುತ್ತಾರೆ. ಹೆಸರಿಗಷ್ಟೇ ಅವರು ಗೂಟದ ಮೇಸ್ತ್ರಿ. ಸಡಿಲ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಡೇರೆಯನ್ನು ಹಿಡಿದಿಡುವುದು ಈ ಹೂತ ಚೀಲಗಳೇ.

“ಈ ಹೊತ್ತಲ್ಲಿ ಮರಳಿಗೆ ಒಂಚೂರು ಪಸೆ ಇರುತ್ತೆ, ಗುಂಡಿ ಹೇಳಿದ ಮಾತು ಕೇಳುತ್ತೆ. ಬಿಸಿಲೇರಿತೋ, ತೋಡಿದಷ್ಟೂ ಮುಚ್ಚಿಕೊಂಡು ನಮ್ಮನ್ನೇ ಆಟ ಆಡಿಸುತ್ತೆ,” ಎನ್ನುತ್ತಾರೆ.

ಒಂದು ಡೇರೆಗೆ ಎಂಟು ಚೀಲ. ಇಪ್ಪತ್ತನಾಲ್ಕು ಡೇರೆಗೆ ನೂರ ತೊಂಬತ್ತೆರಡು. ಬೆಳಗಿಗೆ ಎರಡು ಡೇರೆಯಂತೆ ಹನ್ನೆರಡು ದಿನಕ್ಕೆ ಶಿಬಿರ ಎದ್ದು ನಿಲ್ಲುತ್ತದೆ. ಮಾರ್ಚಿನಲ್ಲಿ ಗಾಳಿ ಶುರುವಾದಾಗ ಎಲ್ಲವನ್ನೂ ಕಿತ್ತು ಮಡಚಬೇಕು. ಐವತ್ತೆರಡರ ಮೇಸ್ತ್ರಿಗೆ ಇದು ಹತ್ತೊಂಬತ್ತನೆಯ ಹಂಗಾಮು. ಬೇಸಿಗೆಯಲ್ಲಿ ಪಟ್ಟಣಕ್ಕೆ ಹೋಗಿ ಗೋದಾಮುಗಳ ತಗಡಿನ ಚಾವಣಿ ರಿಪೇರಿ ಮಾಡುತ್ತಾರೆ. ಬಲ ಮೊಣಕಾಲು ಕೈಕೊಟ್ಟು ಮೂರು ವರ್ಷವಾಯಿತು.

ಚೀಲ ಹೂಳುವುದಕ್ಕಿಂತ ದೊಡ್ಡ ಕೆಲಸವೊಂದು ಅವರ ಪಾಲಿಗಿದೆ: ಹಂಗಾಮು ಯಾವಾಗ ಶುರು ಎಂದು ಹೇಳುವುದು. ಕಚೇರಿಯ ನೆರಳಿನಲ್ಲಿ ಥರ್ಮಾಮೀಟರ್ ಇದೆ. ಅದು ಹೇಳುವುದು ಗಾಳಿಯ ಬಿಸಿಯನ್ನು; ಮರಳಿನ ಲೆಕ್ಕ ಬೇರೆ. ಅತಿಥಿಗಳು ಬಂದಿಳಿಯುವುದು ಮಧ್ಯಾಹ್ನ ಎರಡಕ್ಕೆ. ವಾಹನ ನಿಲ್ಲುವ ಜಾಗದಿಂದ ಮೊದಲ ಡೇರೆಗೆ ನಲವತ್ತು ಹೆಜ್ಜೆ. ಮಕ್ಕಳು ಇಳಿದದ್ದೇ ಚಪ್ಪಲಿ ಕಿತ್ತೆಸೆದು ಓಡುತ್ತಾರೆ. ಹಾಗಾಗಿ ಎರಡು ಗಂಟೆಗೆ ಬರಿಗಾಲಲ್ಲಿ ನಲವತ್ತು ಹೆಜ್ಜೆ ನಡೆಯಲು ಆದ ದಿನ ಶಿಬಿರ ತೆರೆಯಬಹುದು.

ಮೊದಲು ಮೇಸ್ತ್ರಿಯೇ ನಡೆಯುತ್ತಿದ್ದರು. ಐದು ವರ್ಷದ ಹಿಂದೆ ಅಕ್ಟೋಬರ್ ಕೊನೆಗೇ ನಲವತ್ತು ಮುಗಿಸಿ “ತೆಗೀರಿ” ಅಂದರು. ಮೊದಲ ದಿನವೇ ಒಂದು ಪುಟ್ಟ ಹುಡುಗಿಯ ಅಂಗಾಲು ಬೊಬ್ಬೆಯೆದ್ದಿತು. ಮರಳು ತಣ್ಣಗಾಗಿರಲಿಲ್ಲ, ಮೇಸ್ತ್ರಿಯ ಪಾದ ದಡ್ಡುಗಟ್ಟಿತ್ತು. ಅಳತೆಗೋಲೇ ಕೆಟ್ಟಿದ್ದು ಅಳೆಯುವವರಿಗೆ ಗೊತ್ತಾಗಿರಲಿಲ್ಲ.

“ಆ ಮಗು ಅಳು ಇನ್ನೂ ಕಿವೀಲಿದೆ,” ಎನ್ನುತ್ತಾರೆ. ಅಂದಿನಿಂದ ನಡೆಯುವುದು ಅವರ ಹೆಂಡತಿ. ಡೇರೆ ಉಗ್ರಾಣದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಕೂತು, ಹರಿದ ಡೇರೆಗಳನ್ನು ಹೊಲಿಯುವ ಆಕೆಯ ಪಾದ ಮೆತ್ತಗಿದೆ. “ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ನನ್ನ ಕಾಲಿಗೊಂದು ಬೆಲೆ ಬಂತು ನೋಡಿ,” ಎಂದು ಆಕೆ ನಗುತ್ತಾರೆ.

ಈ ಸಲ ನಗು ಕಡಿಮೆ. ಶಿಬಿರದ ಯಜಮಾನರು ನವೆಂಬರಿನ ಮೊದಲ ಶನಿವಾರಕ್ಕೇ ಮೂವತ್ತು ಮಂದಿಗೆ ಮಾತು ಕೊಟ್ಟಿದ್ದಾರೆ. ಉಳಿದಿರುವುದು ಮೂರೇ ದಿನ. ಆಗುವುದಿಲ್ಲ ಎಂದರೆ ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳುವುದಾಗಿ ನಿನ್ನೆ ಹೇಳಿಯೂ ಆಗಿದೆ.

ಎರಡು ಗಂಟೆ. ಹೆಂಡತಿ ಚಪ್ಪಲಿ ಬಿಟ್ಟು ನಡೆಯತೊಡಗುತ್ತಾರೆ, ಮೇಸ್ತ್ರಿ ಎಣಿಸುತ್ತಾರೆ. ಇಪ್ಪತ್ತಾರಕ್ಕೆ ಆಕೆ “ಅಯ್ಯೋ, ಸಾಕು ರೀ!” ಎಂದು ಪಕ್ಕದ ನೆರಳಿಗೆ ಹಾರುತ್ತಾರೆ.

“ನಾಟಕ ಬೇಡಮ್ಮ,” ನೋಡಲು ಬಂದು ನಿಂತ ಯಜಮಾನರು ಗದರುತ್ತಾರೆ. “ಕ್ಯಾಲೆಂಡರ್ ನೋಡು ಮೇಸ್ತ್ರಿ, ನವೆಂಬರ್ ಬಂತು.”

“ಕ್ಯಾಲೆಂಡರಿಗೆ ಕಾಲಿಲ್ವಲ್ಲ ಯಜಮಾನ್ರೇ. ನಿಮಗಿದೆ. ನೀವೇ ಒಂದ್ಸಲ ನಡೀರಿ. ನಲವತ್ತು ಮುಟ್ಟಿದ್ರೆ ನಾನೇ ಗಂಟುಮೂಟೆ ಕಟ್ತೀನಿ.”

ಯಜಮಾನರು ಬೂಟು ಬಿಚ್ಚಿ, ಕಾಲುಚೀಲ ಕಳಚಿ, ಪ್ಯಾಂಟು ಮಡಚಿ ಹೊರಡುತ್ತಾರೆ. ಐದರವರೆಗೆ ಗತ್ತು. ಎಂಟಕ್ಕೆ ತುದಿಗಾಲು. ಹನ್ನೊಂದಕ್ಕೆ ಕುಣಿತ.

“ಬೂಟು ಎಸೀರೋ ಯಾರಾದ್ರೂ!”

ಬೂಟನ್ನು ಮೇಸ್ತ್ರಿಯೇ ಒಯ್ದು ಕೊಡುತ್ತಾರೆ. ನಗುವುದಿಲ್ಲ. ಹೆಂಡತಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ. ಸ್ವಲ್ಪ ಹೊತ್ತು ಅಂಗಾಲು ಉಜ್ಜಿಕೊಂಡ ಯಜಮಾನರು ಮೊಬೈಲ್ ತೆಗೆದು, ಬರುವವರಿಗೆ ಪ್ರವಾಸವನ್ನು ಎರಡು ವಾರ ಮುಂದಕ್ಕೆ ಹಾಕಲು ಹೇಳುತ್ತಾರೆ. ಮೇಸ್ತ್ರಿಯ ಕೆಲಸದ ಮಾತು ಮತ್ತೆ ಎತ್ತುವುದಿಲ್ಲ.

ಹಾಗಾದರೆ ಬರಲು ಒಳ್ಳೆಯ ಕಾಲ ಯಾವುದು? ಮೇಸ್ತ್ರಿ ಹೇಳುತ್ತಾರೆ: “ಜನ ಮುಗಿಬೀಳೋದು ಡಿಸೆಂಬರ್ ಕೊನೇಗೆ. ಆಗ ರಾತ್ರಿ ಹಲ್ಲು ಕಟಕಟ ಅನ್ನುತ್ತೆ. ನನ್ನ ಕೇಳಿದ್ರೆ ಫೆಬ್ರವರಿ ಮೊದಲೆರಡು ವಾರ. ಚಳಿ ಇಳಿದಿರುತ್ತೆ, ಗಾಳಿ ಎದ್ದಿರಲ್ಲ. ಆದ್ರೆ ನನ್ನನ್ನ ಯಾರು ಕೇಳ್ತಾರೆ!”

ಅವರಿಗೆ ಒಂದೇ ಆಸೆ. ಶಿಬಿರದ ಬಾಗಿಲಲ್ಲಿ ‘ನವೆಂಬರ್ ಒಂದರಿಂದ ಸ್ವಾಗತ’ ಎಂಬ ಫಲಕವಿದೆ. “ಆ ತಾರೀಕು ಅಳಿಸಿ, ‘ಕೇಳಿಕೊಂಡು ಬನ್ನಿ’ ಅಂತ ಬರೆಸಿದ್ರೆ ಸಾಕು,” ಎನ್ನುತ್ತಾ ಮೇಸ್ತ್ರಿ ನಾಳೆಯ ಹದಿನಾರು ಚೀಲಗಳನ್ನು ಎಣಿಸಿಡುತ್ತಾರೆ. “ಯಾರನ್ನ ಕೇಳಬೇಕು ಅಂದ್ರೆ, ನಮ್ಮನೆಯವಳ ಕಾಲನ್ನ.”