ಕೋಟಿನಲ್ಲಿ ಇಲ್ಲದ ತೂತು

ನನ್ನ ಭಾವನ ಅಂಗಡಿ ಎಂದರೆ ಒಂದು ಕಿಟಕಿ, ಒಂದು ಮೇಜು, ಒಂದು ಸ್ಟೂಲು. ಎರಡು ದೊಡ್ಡ ಅಂಗಡಿಗಳ ನಡುವೆ, ಮಹಡಿ ಮೆಟ್ಟಿಲ ಕೆಳಗೆ ಅದು ಅಡಗಿಕೊಂಡಿದೆ. ಗಿರಾಕಿ ಒಳಗೆ ಬರಬೇಕಾದರೆ ಭಾವ ಹೊರಗೆ ಹೋಗಬೇಕು, ಅಷ್ಟು ವಿಶಾಲ. ಬೋರ್ಡಿನ ಮೇಲೆ ‘ಇಲ್ಲಿ ರಫು ಮಾಡಲಾಗುವುದು’ ಎಂದಿದೆ. ಇಲಿ ಕಡಿದದ್ದು, ಮೊಳೆಗೆ ಸಿಕ್ಕಿ ಹರಿದದ್ದು, ಸಿಗರೇಟಿನ ಕಿಡಿ ಬಿದ್ದದ್ದು, ಬಟ್ಟೆಗೆ ಏನೇ ಆಗಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿದ್ದ ಕಡೆ ಸೂಜಿಯಿಂದಲೇ ಬಟ್ಟೆ ನೇಯ್ದುಬಿಡುತ್ತಾರೆ. ಆಮೇಲೆ ನೀವು ಭೂತಗನ್ನಡಿ ಹಿಡಿದು ಹುಡುಕಿದರೂ ಜಾಗ ಸಿಗುವುದಿಲ್ಲ.

ನಾನು ಅವರ ಹೆಂಡತಿಯ ತಮ್ಮ. ಸೋಪು, ಟೂತ್‌ಪೇಸ್ಟು ಮಾರುವ ಏಜೆಂಟು, ಅಂದರೆ ನಾಲಿಗೆಯಿಂದ ಹೊಟ್ಟೆ ಹೊರೆಯುವವನು. ಇಲ್ಲದ ಗುಣವನ್ನು ಇದೆ ಎಂದು ನಂಬಿಸುವುದು ನನ್ನ ಕಸುಬು. ಭಾವನದು ತದ್ವಿರುದ್ಧ, ಇದ್ದ ತೂತನ್ನು ಇಲ್ಲ ಎನ್ನಿಸುವುದು. ಮಾತೂ ಅಷ್ಟೇ, ಕೇಳಿದರೆ ಒಂದು, ಕೇಳದಿದ್ದರೆ ಅದೂ ಇಲ್ಲ.

ಅವರ ಜೊತೆ ಬೀದಿಯಲ್ಲಿ ನಡೆಯುವುದೆಂದರೆ ನನಗೆ ಪ್ರಾಣಸಂಕಟ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಡಾಂಬರು ರಸ್ತೆಗೆ ಹಾಕಿದ ತೇಪೆ ನೋಡಿ ಹಲ್ಲುನೋವು ಬಂದವರಂತೆ ಮುಖ ಕಿವುಚುತ್ತಾರೆ. ಒಮ್ಮೆ ಪಾರ್ಕಿನಲ್ಲಿ ಕಾಲುದಾರಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತೇಬಿಟ್ಟರು.

“ಏನಾದ್ರೂ ಬಿತ್ತಾ ಭಾವ?”

“ಹುಲ್ಲು ಎಲ್ಲಿ ಮುಗಿಯುತ್ತೆ, ದಾರಿ ಎಲ್ಲಿ ಶುರುವಾಗುತ್ತೆ, ಗೆರೆ ಎಳೆದು ತೋರಿಸು ನೋಡೋಣ,” ಎಂದರು.

ತೋರಿಸಲಾಗಲಿಲ್ಲ. ಒಂದು ಗರಿಕೆ ಒಂದಿಷ್ಟು ಮುಂದೆ ಬಂದಿದೆ, ಇನ್ನೊಂದು ಹಿಂದೆಯೇ ಉಳಿದಿದೆ. ಗೆರೆಯೇ ಇಲ್ಲ.

“ಕಲಿಯೋವಾಗ ನಾನು ಎಳೆಗಳನ್ನೆಲ್ಲ ಒಂದೇ ಸಾಲಿಗೆ ಮುಗಿಸ್ತಿದ್ದೆ. ತೂತು ಮುಚ್ಚೋದು, ಅಂಚು ಮಾತ್ರ ಕಾಣೋದು. ಇಲ್ಲಿ ಬಂದು ಕೂತ ದಿನ ಗೊತ್ತಾಯ್ತು, ಎಳೆ ಹಿಂದೆಮುಂದೆ ಮುಗೀಬೇಕು ಅಂತ.”

ಅದೇ ಪಾರ್ಕಿನಲ್ಲಿ ನಾನೂ ವರ್ಷಗಟ್ಟಲೆ ಕಾಲ ಕಳೆದಿದ್ದೇನೆ. ಹುಲ್ಲಿನಿಂದ ನಾನು ಕಲಿತದ್ದು ಪ್ಯಾಂಟಿಗೆ ಕಲೆಯಾಗುತ್ತದೆ ಎನ್ನುವುದಷ್ಟೇ.

ಬಣ್ಣದ ವಿಷಯಕ್ಕೆ ಬಂದರೆ ಇನ್ನೂ ಮೋಜು. “ಬೂದು ಬಣ್ಣ ಅಂತ ಒಂದೇ ಇಲ್ಲ ಕಣಯ್ಯಾ. ಒಲೆ ಬೂದಿ ಬೇರೆ, ಒದ್ದೆ ಸಿಮೆಂಟು ಬೇರೆ, ಪಾರಿವಾಳದ ಬೆನ್ನು ಬೇರೆ,” ಎನ್ನುತ್ತಾರೆ. ಗಿರಾಕಿಯೊಬ್ಬರ ಪ್ಯಾಂಟಿನ ಎಳೆ ಹಿಡಿದುಕೊಂಡು, ಕಿಟಕಿಯಲ್ಲಿ ಕೂತ ಪಾರಿವಾಳದ ಕಡೆಗೆ ಕಳ್ಳಹೆಜ್ಜೆ ಇಡುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು. ನಕ್ಕೆ, ನಿಜ. ಆದರೆ ಆ ಪ್ಯಾಂಟನ್ನು ಗಿರಾಕಿ ತಿರುಗಿಸಿ ಮುರುಗಿಸಿ ನೋಡಿ, “ಇದು ನಂದಲ್ಲ, ನಂದು ಹರಿದಿತ್ತು,” ಎಂದು ಜಗಳಕ್ಕೆ ನಿಂತಾಗ ನನ್ನ ನಗು ನಿಂತಿತು.

ಅಕ್ಕನಿಗೆ ಇದೇ ತಕರಾರು. “ಇವರ ಕೆಲಸ ಚೆನ್ನಾಗಿದ್ರೆ ಯಾರಿಗೂ ಕಾಣಲ್ಲ. ಕಂಡ್ರೆ ಚೆನ್ನಾಗಿಲ್ಲ ಅಂತ ಅರ್ಥ. ಇಂಥವರನ್ನ ಕಟ್ಕೊಂಡು ಅಕ್ಕಪಕ್ಕದವರ ಹತ್ರ ನಾನು ಏನಂತ ಜಂಬ ಕೊಚ್ಚಿಕೊಳ್ಳಲಿ?” ಹೀಗೆನ್ನುವಾಗ ಅವಳ ಕಣ್ಣು ಗಂಡನ ಕೈಬೆರಳ ಮೇಲೇ ಇರುತ್ತದೆ.

ಈ ವರ್ಷ ಕಣ್ಣಿನ ಡಾಕ್ಟರು, ಸೂಜಿ ಕೆಲಸ ಇನ್ನು ಸಾಕು ಎಂದರು. ಭಾವ ಮನೆಗೆ ಬಂದರು. ಕಾಫಿ ಕುಡಿದು, ಲೋಟ ತೊಳೆಯುತ್ತಾ, ನಲ್ಲಿಗೆ ಹೇಳುವವರಂತೆ ಹೇಳಿದರು: “ನಲವತ್ತು ವರ್ಷ ಮಾಡಿದ್ನಲ್ಲ. ಒಂದು ಸಲ, ಒಬ್ಬರಾದ್ರೂ ನೋಡಿದ್ರೆ ಚೆನ್ನಾಗಿತ್ತು.”

ನಾನು ಮರುದಿನವೇ ನಮ್ಮ ಬಡಾವಣೆಯ ಲೈಬ್ರರಿಗೆ ಹೋಗಿ, ಅಲ್ಲಿಯ ಕೈಕೆಲಸದ ಪ್ರದರ್ಶನಕ್ಕೆ ಭಾವನ ಹೆಸರು ಕೊಟ್ಟುಬಂದೆ. ಕೊಟ್ಟ ಮೇಲೆ ಹೊಳೆಯಿತು, ಪ್ರದರ್ಶನಕ್ಕೆ ಇಡುವುದಾದರೂ ಏನನ್ನು? ಅವರು ಮಾಡಿದ್ದೆಲ್ಲ ಊರವರ ಬೀರುಗಳಲ್ಲಿದೆ, ಅದೂ ಕಾಣದಂತೆ. “ನಾನು ನೋಡ್ಕೋತೀನಿ,” ಎಂದರು ಭಾವ.

ಇಲ್ಲಿ ನನ್ನದೊಂದು ಹಳೆಯ ಪಾಪ ಹೇಳಲೇಬೇಕು.

ಅಕ್ಕನ ಮನೆಯ ಗೋಡೆಯ ಮೇಲೆ ಅವರ ಮದುವೆ ಫೋಟೋ ಇದೆ. ಅಕ್ಕ ಬಾಯಿತುಂಬ ನಗುತ್ತಿದ್ದಾಳೆ. ಪಕ್ಕದಲ್ಲಿ ಬೂದು ಕೋಟಿನ ಭಾವ ಎಡಗೈಯನ್ನು ಜೇಬಿನ ಕೆಳಗೆ ಒತ್ತಿ ಹಿಡಿದು ನಿಂತಿದ್ದಾರೆ. ಮೂವತ್ತೆರಡು ವರ್ಷದಿಂದ ನಮ್ಮ ಮನೆಯಲ್ಲಿ ಅದೊಂದು ಮುಗಿಯದ ತಮಾಷೆ. “ಊಟಕ್ಕೆ ಮೊದಲೇ ಹೊಟ್ಟೆನೋವು ಬಂದ ಮದುಮಗ ಇವರೊಬ್ಬರೇ,” ಎನ್ನುತ್ತಾಳೆ ಅಕ್ಕ. ಎಲ್ಲರೂ ನಗುತ್ತಾರೆ. ನಾನು ಮಾತ್ರ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತೇನೆ. ಯಾಕೆಂದರೆ ಆ ಬೆಳಿಗ್ಗೆ, ಹೊಸ ಭಾವನ ಕೋಟನ್ನು ನಾನೇ ಇಸ್ತ್ರಿ ಮಾಡುತ್ತೇನೆಂದು ಹಟ ಹಿಡಿದು, ಹುಡುಗಿಯರ ಜೊತೆ ಹರಟುತ್ತಾ, ಎಡಜೇಬಿನ ಕೆಳಗೆ ಹೆಬ್ಬೆರಳಗಲ ಸುಟ್ಟುಹಾಕಿದ್ದೆ. ಸುಟ್ಟ ಭಾಗ ಗೋಡೆ ಕಡೆಗೆ ಮಾಡಿ ನೇತುಹಾಕಿ ಜಾಗ ಖಾಲಿ ಮಾಡಿದೆ. ಒಂದು ವಾರದ ನಂತರ ಕೋಟು ಕಣ್ಣಿಗೆ ಬಿದ್ದಾಗ ತೂತು ಇರಲಿಲ್ಲ. ಭಾವ ಕೇಳಲಿಲ್ಲ, ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಮದುವೆಮನೆಯ ಗಲಾಟೆಯಲ್ಲಿ ಸುಟ್ಟವರು ಯಾರೆಂದು ಅವರಿಗೆ ಗೊತ್ತಾಗಿಲ್ಲವೆಂದೇ ನಂಬಿದ್ದೆ.

ಪ್ರದರ್ಶನದ ದಿನ ಹಾಲ್‌ಗೆ ಹೋಗಿ ನೋಡಿದರೆ, ಮಣಿ ಚೀಲಗಳಿಗೂ ಮಣ್ಣಿನ ಹೂಜಿಗಳಿಗೂ ನಡುವೆ, ಸ್ಟ್ಯಾಂಡಿನ ಮೇಲೆ ಅದೇ ಬೂದು ಕೋಟು! ಚೀಟಿಯಲ್ಲಿ ಭಾವನ ದುಂಡಕ್ಷರ: ‘ಈ ಕೋಟಿನಲ್ಲಿ ಒಂದು ತೂತು ಇತ್ತು.’

ಮೊದಲ ಒಂದು ಗಂಟೆ ಯಾರೂ ಅತ್ತ ತಿರುಗಲಿಲ್ಲ. ಒಬ್ಬರು ತಮ್ಮ ಕೊಡೆಯನ್ನು ತಂದು ಆ ಸ್ಟ್ಯಾಂಡಿಗೇ ನೇತುಹಾಕಿದರು, ಚೀಟಿ ಮುಚ್ಚಿಹೋಯಿತು. ಸ್ವಲ್ಪ ಹೊತ್ತಿಗೆ ಲೈಬ್ರರಿಯ ಕಾರ್ಯದರ್ಶಿಗಳು ಮೈಕಿನಲ್ಲಿ, “ಬೂದು ಕೋಟು ಮರೆತವರು ದಯವಿಟ್ಟು ಬಂದು ತಗೊಂಡು ಹೋಗಿ,” ಎಂದು ಎರಡೆರಡು ಸಲ ಕೂಗಿದರು. ಜನ ನಕ್ಕರು. ಭಾವ ಎದ್ದು ಕೊಡೆ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಬಂದು ಕೂತರು. ಕಿವಿ ಮಾತ್ರ ಕೆಂಪಾಗಿತ್ತು.

ತೀರ್ಪುಗಾರರಾಗಿ ಬಂದಿದ್ದವರು ಒಬ್ಬ ಡ್ರಾಯಿಂಗ್ ಮೇಡಂ. ಚೀಟಿ ಓದಿದರು, ಕನ್ನಡಕ ಬದಲಿಸಿದರು, ಕೋಟಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. “ಎಲ್ಲಿತ್ತು ರೀ ತೂತು?”

ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. ಅವಳು ಚೀಟಿ ನೋಡಿದ್ದೇ ಆಗ. “ತೂತಾ? ಇದರಲ್ಲಾ? ಇದು ನಮ್ಮ ಮದುವೆ ಕೋಟು ಮೇಡಂ. ಮೂವತ್ತೆರಡು ವರ್ಷದಿಂದ ನಾನೇ ಬಿಸಿಲಿಗೆ ಹಾಕಿ ಎತ್ತಿಡ್ತಿದೀನಿ. ಒಂದು ಗೀರೂ ಇಲ್ಲ!”

“ನಿಮ್ಮ ಮನೆಯವರೇ ಇಲ್ಲ ಅಂತಾರಲ್ಲ,” ಎಂದರು ಮೇಡಂ. “ಎಲ್ಲಿತ್ತು, ಹೇಗಾಯ್ತು, ಅದನ್ನಾದ್ರೂ ಹೇಳಿ.”

ಭಾವ ನನ್ನ ಕಡೆ ನೋಡಿದರು. ಒಂದೇ ಗಳಿಗೆ. ಆಮೇಲೆ ನೆಲ ನೋಡುತ್ತಾ, “ನೆನಪಿಲ್ಲ. ಹೋಗ್ಲಿ ಬಿಡಿ,” ಎಂದರು.

ಆ ನೋಟದಲ್ಲಿ ನನಗೆ ಎಲ್ಲ ತಿಳಿಯಿತು. ಈ ಮನುಷ್ಯನಿಗೆ ಮೊದಲ ದಿನದಿಂದಲೂ ಗೊತ್ತು. ತನ್ನ ಕೆಲಸವನ್ನು ಒಬ್ಬರಾದರೂ ನೋಡಲಿ ಎಂಬ ಒಂದೇ ಒಂದು ಆಸೆ ಇವರದು. ಅದು ಕಣ್ಣೆದುರೇ ಕೈಜಾರುತ್ತಿದ್ದರೂ ನನ್ನನ್ನು ಬಿಟ್ಟುಕೊಡಲು ತಯಾರಿಲ್ಲ. ಮೇಡಂ ಪಟ್ಟಿಯಲ್ಲಿ ಗೆರೆ ಹೊಡೆಯಲು ಪೆನ್ನು ಎತ್ತಿದ್ದರು.

“ಎಡಜೇಬಿನ ಕೆಳಗೆ!” ಎಂದೆ. ಸೋಪು ಮಾರುವ ಗಂಟಲು, ಇಡೀ ಹಾಲ್ ತಿರುಗಿ ನೋಡಿತು. “ಹೆಬ್ಬೆರಳಗಲ. ಇಸ್ತ್ರಿ ಪೆಟ್ಟಿಗೆಯಿಂದ. ಸುಟ್ಟವನು ನಾನು, ಮದುವೆ ದಿನ ಬೆಳಿಗ್ಗೆ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.”

ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಮೇಡಂ ಆ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರು, ಬೆಳಕಿಗೆ ಹಿಡಿದರು, ಬೆರಳಾಡಿಸಿದರು. “ಇಲ್ಲೇನೂ ಇಲ್ಲವಲ್ಲ!”

ಆಗ ಭಾವ ಎದ್ದರು. ಜೇಬಿನಿಂದ ಪುಟ್ಟ ಕತ್ತರಿ ತೆಗೆದು, ಕೋಟಿನ ಒಳಗಿನ ಲೈನಿಂಗ್ ಬಟ್ಟೆಯ ಹೊಲಿಗೆಯನ್ನು ನಾಲ್ಕು ಬೆರಳಷ್ಟು ಬಿಚ್ಚಿದರು. ಒಳಮೈ ಹೊರಗೆ ಬಂತು. ಅಲ್ಲಿ, ಹೆಬ್ಬೆರಳಗಲ ಜಾಗದ ಸುತ್ತ, ನೂರಾರು ಎಳೆಗಳ ತುದಿ ಗರಿಕೆಯ ಹಾಗೆ ಎದ್ದು ನಿಂತಿತ್ತು. ಒಂದು ಮುಂದೆ, ಒಂದು ಹಿಂದೆ.

ಮೇಡಂ ಕೋಟಿನ ಒಳಮೈ ನೋಡಿದರು, ಹೊರಮೈ ನೋಡಿದರು, ಮತ್ತೆ ಒಳಮೈ. ಆಮೇಲೆ ತಮ್ಮ ಹಿಂದಿದ್ದವರಿಗೆ ಜಾಗ ಬಿಟ್ಟರು. ಮಣಿ ಚೀಲದವರು ಬಂದರು, ಹೂಜಿಯವರು ಬಂದರು, ಮೈಕಿನ ಕಾರ್ಯದರ್ಶಿಗಳೂ ಬಂದರು. ಸಾಲು ಬಾಗಿಲವರೆಗೂ ಬೆಳೆಯಿತು. ಬಹುಮಾನ ಹೂಜಿಗೇ ಹೋಯಿತು, ಹೋಗಲಿ. ಭಾವ ಪ್ರತಿಯೊಬ್ಬರಿಗೂ ಒಳಮೈ ಮಗುಚಿ ತೋರಿಸುತ್ತಿದ್ದರು. ನಾನು ಕಂಡಂತೆ ಅವರು ಒಂದೇ ದಿನ ಅಷ್ಟು ಮಾತಾಡಿದ್ದು ಅದೇ ಮೊದಲು.

ಕೊನೆಗೆ ಫೋಟೋ ತೆಗೆಯುವವನು, ಕೋಟು ಹಾಕಿಕೊಂಡು ಹೆಂಡತಿ ಜೊತೆ ನಿಲ್ಲಿ ಎಂದ. ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಭಾವ ನಿಂತರು. ಎಡಗೈ ತಾನಾಗಿಯೇ ಜೇಬಿನ ಕೆಳಗೆ ಹೋಗಿ ಕೂತಿತು.

ಅಕ್ಕ ಆ ಕೈಯನ್ನೇ ನೋಡುತ್ತಾ ನಿಂತಳು. ಅವಳ ಕಣ್ಣು ತುಂಬಿ ಬಂತು. “ಹಾಗಾದ್ರೆ ಅವತ್ತು ಹೊಟ್ಟೆನೋವು...”

“ಹೊಟ್ಟೆ ಚೆನ್ನಾಗೇ ಇತ್ತು ಕಣೆ.”

ಅವಳು ಆ ಕೈಯನ್ನು ಮೆಲ್ಲಗೆ ಎತ್ತಿ, ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಕೈ ತೆಗೀರಿ,” ಎಂದಳು. “ಕಾಣಲಿ.”