ಅಕ್ಕ ಪರೀಕ್ಷೆಯಿಂದ ಎದ್ದ ದಿನ

ನಮ್ಮಕ್ಕನಿಗೆ ಆಸ್ಪತ್ರೆಯವರು ಇಟ್ಟ ಹೆಸರು ಕಡತದಕ್ಕ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ರೆಕಾರ್ಡ್ ರೂಮು ಅವಳ ಕೈಯಲ್ಲಿದೆ. ರೋಗಿಯ ಹೆಸರು, ಯಾವ ವರ್ಷದ ಆಸುಪಾಸು ಎಂದು ಹೇಳಿದರೆ ಸಾಕು, ಕಪಾಟುಗಳ ಸಂದಿಗೆ ನುಗ್ಗಿ ಮೂರು ನಿಮಿಷದಲ್ಲಿ ಫೈಲು ತಂದು ಮೇಜಿನ ಮೇಲೆ ಹಾಕುತ್ತಿದ್ದಳು. ಒಮ್ಮೆ ನೀರಿನ ಪೈಪು ಒಡೆದು ಹಳೆಯ ಫೈಲುಗಳೆಲ್ಲ ನೆನೆದುಹೋದಾಗ, ಒಂದೊಂದನ್ನೇ ಫ್ಯಾನಿನ ಕೆಳಗೆ ಒಣಗಿಸಿ ಮತ್ತೆ ಜೋಡಿಸಿದವಳೂ ಅವಳೇ. ಜೋಡಿಸಿದ್ದು ತನಗೆ ತೋಚಿದ ಹಾಗೆ. ಯಾವುದು ಎಲ್ಲಿದೆ ಎನ್ನುವುದು ಅವಳ ತಲೆಯೊಳಗಿತ್ತು, ಇನ್ನೆಲ್ಲೂ ಇರಲಿಲ್ಲ. ಅದು ಅವಳಿಗೆ ದೊಡ್ಡ ಹೆಮ್ಮೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುವ ನಾನೂ ಬಟ್ಟೆ ಕೊಡಲು ಬಂದವರ ಮುಂದೆಲ್ಲ ಅದನ್ನೇ ಕೊಚ್ಚಿಕೊಳ್ಳುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇಂಥವಳು ನಲವತ್ತೈದು ತುಂಬಿದ ಮೇಲೆ ಓದಲು ಕೂತಳು. ಆಸ್ಪತ್ರೆ ಆಡಳಿತದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಪೂರ್ತಿ ಆನ್‌ಲೈನ್. ಅದಕ್ಕೊಂದು ಕಾರಣವಿತ್ತು. ಸಹಾಯಕ ಆಡಳಿತಾಧಿಕಾರಿ ಹುದ್ದೆ ಎರಡು ಸಲ ಅವಳ ಕಣ್ಣೆದುರೇ ಬೇರೆಯವರ ಪಾಲಾಗಿತ್ತು. ಎರಡು ಸಲವೂ "ಆ ಡಿಗ್ರಿ ಇಲ್ವಲ್ಲಮ್ಮ" ಎಂಬ ಒಂದೇ ಮಾತು. ಎರಡನೆಯ ಸಲ ಬಂದವನಿಗೆ ಡಿಸ್ಚಾರ್ಜ್ ಪತ್ರ ಯಾವುದು, ಬಿಲ್ಲು ಯಾವುದು ಎಂದು ಹೇಳಿಕೊಟ್ಟವಳೇ ಇವಳು. ಆ ದಿನ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅರ್ಜಿ ತುಂಬಿದಳು.

ಹಿಂದಿನ ಕೋಣೆ ತರಗತಿಯಾಯಿತು. ಪಾಠ ಮಾಡುವವರ ಮುಖ ಪರದೆಯ ಮೇಲೆ ಅರ್ಧ ಬಾಯಿ ತೆರೆದು ನಿಂತುಬಿಡುತ್ತಿತ್ತು. ಇವಳು ಸುಮ್ಮನಿರುವವಳೇ? "ಇವ್ರು ಒಂದಿನಾನಾದ್ರೂ ವಾರ್ಡಲ್ಲಿ ನಿಂತಿದಾರಾ?" ಎಂದು ಜಗಳಕ್ಕೆ ನಿಲ್ಲುವಳು.

"ಅದು ಮೊದಲೇ ರೆಕಾರ್ಡ್ ಮಾಡಿಟ್ಟಿರೋದು ಕಣೇ, ನಿನ್ನ ಮಾತು ಅವ್ರಿಗೆ ಕೇಳ್ಸಲ್ಲ."

"ಕೇಳ್ಸದಿದ್ರೆ ಬಿಡ್ಲಿ. ನಾನು ಹೇಳೋದು ಹೇಳ್ತೀನಿ."

ಮೊದಲ ವರ್ಷದ ಕೊನೆಗೆ ಒಂದು ಬರವಣಿಗೆ ಕೊಟ್ಟರು. ನಿಮ್ಮ ಸಂಸ್ಥೆಯಲ್ಲಿ ರೋಗಿಗೆ ಅಪಾಯ ತರಬಹುದಾದ ಒಂದು ಕೊರತೆ ಗುರುತಿಸಿ, ಪರಿಹಾರ ಬರೆಯಿರಿ ಎಂದು. ಅಕ್ಕ ತನ್ನ ಕೋಣೆಯ ಬಗ್ಗೆಯೇ ಹನ್ನೆರಡು ಪುಟ ಬರೆದಳು. ಒಬ್ಬಳ ನೆನಪನ್ನು ನಂಬಿಕೊಂಡ ದಾಖಲೆ ಕೋಣೆ ಇಲ್ಲದ್ದಕ್ಕೆ ಸಮ, ಪ್ರತಿ ಕಪಾಟಿಗೂ ಬರೆದಿಟ್ಟ ಪಟ್ಟಿ ಬೇಕು, ಎರಡು ವಾರದಲ್ಲಿ ಮಾಡಿ ಮುಗಿಸಬಹುದು. ನೂರಕ್ಕೆ ತೊಂಬತ್ತೊಂದು ಬಂತು. ಒಂದೆರಡು ತಿಂಗಳಾದ ಮೇಲೆ ನಾನು ಕೇಳಿದೆ, "ಪಟ್ಟಿ ಮಾಡಿದ್ಯಾ?" "ಮಾಡೋಣ, ಪರೀಕ್ಷೆ ಎಲ್ಲಾ ಮುಗೀಲಿ" ಎಂದಳು. ನನಗೂ ಅದು ಅಷ್ಟು ದೊಡ್ಡ ವಿಷಯ ಎನ್ನಿಸಲಿಲ್ಲ.

ಉಳಿದದ್ದು ಕೊನೆಯ ಪತ್ರಿಕೆ, ಅಂಕಿಸಂಖ್ಯೆಯದು. ಒಂದು ಸಲ ಅದರಲ್ಲಿ ಬಿದ್ದಿದ್ದಳು. ಈ ಸಲ ಪಾಸಾದರೆ ಮುಂದಿನ ತಿಂಗಳು ಅದೇ ಹುದ್ದೆಗೆ ಸಂದರ್ಶನ. ಇಲ್ಲವಾದರೆ ಮತ್ತೆ ಪರೀಕ್ಷೆ ಬರುವುದು ಆರು ತಿಂಗಳಿಗೆ, ಅಷ್ಟರಲ್ಲಿ ಕುರ್ಚಿಯಲ್ಲಿ ಇನ್ಯಾರೋ ಕೂತಿರುತ್ತಾರೆ. ಐವತ್ತರ ಹೊಸ್ತಿಲಲ್ಲಿ ಇರುವವಳಿಗೆ ನಾಲ್ಕನೆಯ ಅವಕಾಶ ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ.

ಪರೀಕ್ಷೆ ಭಾನುವಾರ ಮಧ್ಯಾಹ್ನ ಎರಡರಿಂದ ಐದು. ಕ್ಯಾಮೆರಾ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ. ಫೋನು ಆಫ್ ಮಾಡಿ ಕೋಣೆಯ ಹೊರಗಿಡಬೇಕು. ಬೇರೆಯವರ ದನಿ ಕೇಳಿಸಿದರೆ ಎಚ್ಚರಿಕೆ, ಕುರ್ಚಿ ಬಿಟ್ಟು ಎದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ನನ್ನ ಮಿಷನ್ನಿಗೂ ಅವತ್ತು ರಜ. ಬಾಗಿಲ ಬಳಿ ಕೂತು ಕೈಯಲ್ಲೇ ಅಂಚು ಹೊಲಿಯುತ್ತ ಕಾವಲಿದ್ದೆ.

ನಾಲ್ಕೂ ಹತ್ತಕ್ಕೆ ಆಂಬ್ಯುಲೆನ್ಸ್ ಚಾಲಕ ಬಂದ. ಓಡುತ್ತ ಬಂದಿದ್ದ. ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಮೆಟ್ಟಿಲಿಗೆ ತಳ್ಳಿ ಬಾಗಿಲು ಎಳೆದುಕೊಂಡೆ.

"ಕಡತದಕ್ಕ ಎಲ್ಲಮ್ಮಾ? ಫೋನ್ ಹೋಗ್ತಿಲ್ಲ."

"ಪರೀಕ್ಷೆ ಬರೀತಿದಾಳೆ. ಐದು ಗಂಟೆಗೆ ಬನ್ನಿ ಅಣ್ಣಾ."

"ಅಷ್ಟು ಹೊತ್ತಿಲ್ಲಮ್ಮ."

ಹೆರಿಗೆಗೆ ಬಂದ ಹೆಂಗಸಿಗೆ ತಕ್ಷಣ ಆಪರೇಷನ್ ಆಗಬೇಕಿತ್ತು. ಒಂಬತ್ತು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಆಕೆಯ ಬೆನ್ನುಮೂಳೆಗೆ ಶಸ್ತ್ರಕ್ರಿಯೆ ಆಗಿತ್ತು, ಆದ್ದರಿಂದ ಈಗ ಬೆನ್ನಿಗೆ ಇಂಜೆಕ್ಷನ್ ಕೊಡುವಂತಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಆದರೆ ಅವತ್ತು ಯಾವುದೋ ಒಂದು ಔಷಧಿಗೆ ಆಕೆಯ ಉಸಿರೇ ನಿಂತುಹೋಗಿತ್ತಂತೆ. ಯಾವ ಔಷಧಿ ಎಂದು ಆಕೆಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ. ಅದು ಬರೆದಿರುವುದು ಹಳೆಯ ಫೈಲಿನಲ್ಲಿ. ನಾಲ್ಕು ಜನ ಅರ್ಧ ಗಂಟೆಯಿಂದ ಹುಡುಕುತ್ತಿದ್ದರು.

"ಮಗು ಎದೆಬಡಿತ ಇಳೀತಿದೆಯಂತೆ. ಮಂಪರು ಕೊಡೋ ಡಾಕ್ಟ್ರು ಇನ್ನು ಕಾಯೋಕಾಗಲ್ಲ, ಕುರುಡಾಗಿ ಕೊಡ್ಬೇಕಾಗತ್ತೆ ಅಂತಿದಾರೆ."

ಈಗ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ನಾನು ಒಳಗೆ ಹೋಗಲಿಲ್ಲ. "ಸರಿಯಾಗಿ ಹುಡುಕಿದಾರಾ?" ಎಂದು ಕೇಳಿದೆ. ಹೆಸರು ಇನ್ನೊಂದು ಸಲ ಹೇಳಿಸಿದೆ. ಕಿಟಕಿ ಪಕ್ಕದ ಕಬ್ಬಿಣದ ಕಪಾಟು ಎಂದು ಅಕ್ಕ ಯಾವತ್ತೋ ಅಂದದ್ದು ನೆನಪಾಗಿ ಅಲ್ಲಿ ನೋಡಲು ಹೇಳಿದೆ. ಅವನು ಫೋನು ಮಾಡಿದ, ಅಲ್ಲಿರಲಿಲ್ಲ. ಕೆಳಗಿನ ಖಾನೆ ನೋಡಲು ಹೇಳಿ ಎಂದೆ. ಅಲ್ಲೂ ಇರಲಿಲ್ಲ. ಯಾರಾದರೂ ಹುಡುಕಿಬಿಡಲಿ, ಇನ್ನೊಂದೇ ನಿಮಿಷ ನೋಡೋಣ ಎಂದು ಹೀಗೆ ಒಂಬತ್ತು ನಿಮಿಷ ಕಳೆದೆ. ಒಬ್ಬ ತಾಯಿ ಟೇಬಲ್ ಮೇಲೆ ಮಲಗಿರುವಾಗ ನಾನು ಅಕ್ಕನ ಕುರ್ಚಿಯನ್ನು ಕಾಯುತ್ತಿದ್ದೆ. ಚಾಲಕ ಮಾತು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. ಆ ನೋಟಕ್ಕೆ ನನ್ನ ಮುಖದ ನೀರಿಳಿಯಿತು.

ಬಾಗಿಲು ತೆರೆದು, "ಅಕ್ಕಾ, ಆಸ್ಪತ್ರೆಯಿಂದ ಬಂದಿದಾರೆ. ಫೈಲು ಸಿಕ್ತಿಲ್ಲ" ಎಂದೆ.

ಪರದೆಯ ಮೇಲೆ ಹಳದಿ ಎಚ್ಚರಿಕೆ ಬಂತು. ಅಕ್ಕ ಕುರ್ಚಿ ಬಿಡಲಿಲ್ಲ. ಕ್ಯಾಮೆರಾದ ಕಡೆಗೇ ಮುಖವಿಟ್ಟು, "ಹೆಸರು?" ಎಂದಳು. ಹೇಳಿದೆ. ಕಣ್ಣು ಮುಚ್ಚಿದಳು. "ಒಳಗಡೆ ಮೂರನೇ ಸಾಲು... ಅಲ್ಲ, ಅದ್ರ ಹಿಂದೆ, ಬಗ್ಗಿ ಹೋದ್ರೆ ಎಡಕ್ಕೆ..." ಬಲಗೈ ಗಾಳಿಯಲ್ಲಿ ಏನನ್ನೋ ತಡವುತ್ತಿತ್ತು. ಚಾಲಕ ಫೋನಿನಲ್ಲಿ ಅದನ್ನೇ ಒಪ್ಪಿಸುತ್ತಿದ್ದ, ಆ ಕಡೆಯವರು ಯಾವ ಸಾಲು, ಯಾವ ಎಡ ಎಂದು ಕೂಗುತ್ತಿದ್ದರು. ಅಕ್ಕನ ಹಣೆ ಬೆವರಿತು.

"ನನ್ನ ಕಾಲಿಗೆ ಗೊತ್ತು ಕಣೇ. ಬಾಯಿಗೆ ಬರ್ತಿಲ್ಲ."

ಎದ್ದಳು. ಪರದೆ ಕೆಂಪಾಗಿ ಪರೀಕ್ಷೆ ಮುಗಿದಿದೆ ಎಂದು ತೋರಿಸಿತು. ಅವಳು ಅದನ್ನು ತಿರುಗಿಯೂ ನೋಡಲಿಲ್ಲ, ನೋಡಿದವಳು ನಾನು.

ನಾನೂ ಗಾಡಿ ಹತ್ತಿದೆ. ರೆಕಾರ್ಡ್ ರೂಮಿನ ಬಾಗಿಲಿಗೆ ಬಂದು ನೋಡಿದರೆ, ಹುಡುಕುವ ಭರದಲ್ಲಿ ನಾಲ್ಕೂ ಜನ ಕಪಾಟುಗಳನ್ನು ಬರಿದು ಮಾಡಿ ನೆಲದ ಮೇಲೆ ರಾಶಿ ಹಾಕಿದ್ದರು. ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಎಲ್ಲಿಗೆ ಹೆಜ್ಜೆ ಇಡಬೇಕೆಂದು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ತಿಳಿಯಲಿಲ್ಲ. "ಎಳೆದುಹಾಕ್ಬಿಟ್ರಾ..." ಎಂದದ್ದು ನನಗೊಬ್ಬಳಿಗೇ ಕೇಳಿಸಿತು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿ ನೆಲಕ್ಕೆ ಕೂತಳು. ಆ ಹೆಂಗಸಿನ ಫೈಲೂ ಪೈಪು ಒಡೆದಾಗ ನೆನೆದದ್ದೇ, ಹಾಗಾಗಿ ಅಂಚು ಉಬ್ಬಿದ ಫೈಲುಗಳನ್ನು ಮಾತ್ರ ಎತ್ತಿ, ಹೆಸರು ನೋಡಿ ಎಸೆದಳು. ನಾವೆಲ್ಲ ಗೋಡೆಗೆ ಅಂಟಿ ನಿಂತಿದ್ದೆವು. ಒಂದು ಸಲ ಕೈಗೆ ಬಂದದ್ದು ಅದೇ ಹೆಸರಿನ ಬೇರೆ ಯಾರದೋ ಫೈಲು. ಅದನ್ನು ತೆರೆದು, ವಯಸ್ಸು ನೋಡಿ, ಬಿಸಾಡಿದಳು. ಎಂಟು ನಿಮಿಷದ ಮೇಲೆ ಸಿಕ್ಕಿತು. ಚಾಲಕ ಅದನ್ನು ಎದೆಗೊತ್ತಿಕೊಂಡು ಮೆಟ್ಟಿಲೇರಿ ಓಡಿದ.

ತಾಯಿ ಉಳಿದಳು. ಮಗು ಹುಟ್ಟಿದಾಗ ಅಳಲಿಲ್ಲ, ತಡವಾಗಿ ಅತ್ತಿತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಈಗಲೇ ಏನೂ ಹೇಳುವಂತಿಲ್ಲ, ಬೆಳೆಯುತ್ತ ನೋಡಬೇಕು ಎಂದರು ಡಾಕ್ಟರು.

ಆದರೂ ಎಲ್ಲರೂ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಪರೀಕ್ಷೆ ಬಿಟ್ಟು ಓಡಿಬಂದ ಪುಣ್ಯಾತ್ಗಿತ್ತಿ! ದೊಡ್ಡ ಡಾಕ್ಟರು ಖುದ್ದಾಗಿ ಕೆಳಗಿಳಿದು ಬಂದು, "ನೀವಿಲ್ದೆ ಈ ಆಸ್ಪತ್ರೆ ನಡೆಯಲ್ಲಮ್ಮ" ಎಂದರು. ವಿಶ್ವವಿದ್ಯಾಲಯಕ್ಕೆ ತಾವೇ ಪತ್ರ ಕೊಡುತ್ತೇವೆ ಎಂದರು. ಅಕ್ಕನ ಮುಖ ಕಪ್ಪಿಟ್ಟಿತು. ಆಯಾಸ ಇರಬೇಕು ಎಂದುಕೊಂಡೆ.

ಮೂರು ದಿನಕ್ಕೆ ವಿಶ್ವವಿದ್ಯಾಲಯದ ಉತ್ತರ ಬಂತು. ಒಂದು ನಮೂನೆ ತುಂಬಿ ಕಳಿಸಿದರೆ ಹದಿನೈದು ದಿನದೊಳಗೆ ಮರುಪರೀಕ್ಷೆ. ಸಂದರ್ಶನಕ್ಕೆ ಮೊದಲೇ ಆಗಿಬಿಡುತ್ತದೆ! ನನಗೆ ಹೋದ ಜೀವ ಬಂದಂತಾಯಿತು. ಅವಳ ಪಕ್ಕ ಸ್ಟೂಲು ಎಳೆದು ಕೂತೆ. ಹೆಸರು, ನೋಂದಣಿ ಸಂಖ್ಯೆ, ಎದ್ದುಹೋದ ಸಮಯ, ದೊಡ್ಡ ಡಾಕ್ಟರ ಪತ್ರ, ಎಲ್ಲ ಚಕಚಕ ತುಂಬಿದಳು. ಕೊನೆಯ ಪ್ರಶ್ನೆಗೆ ಬಂದು ನಿಂತಳು. ನೀವು ಎದ್ದುಹೋಗಬೇಕಾದ ಕಾರಣ ನಿಮ್ಮ ಕೈಮೀರಿದ್ದೇ? ಹೌದು, ಇಲ್ಲ. 'ಇಲ್ಲ' ಎಂದರೆ ಮರುಪರೀಕ್ಷೆ ಸಿಗುವುದಿಲ್ಲ ಎಂದು ಕೆಳಗೇ ಬರೆದಿತ್ತು.

"ಹೌದು ಒತ್ತು. ಇನ್ನೇನು ಯೋಚ್ನೆ?"

"ಎರಡು ವಾರದ ಕೆಲಸ ಅಂತ ನಾನೇ ಬರ್ದಿದ್ದೆ ಕಣೇ" ಎಂದಳು. "ಬರ್ದು ವರ್ಷದ ಮೇಲಾಯ್ತು. ಯಾಕೆ ಮಾಡ್ಲಿಲ್ಲ ಗೊತ್ತಾ? ಟೈಮಿರ್ಲಿಲ್ಲ ಅಂತಲ್ಲ. ಪಟ್ಟಿ ಆದ್ಮೇಲೆ ನನ್ನನ್ನ ಯಾರು ಕೇಳ್ತಾರೆ ಅಂತ."

"ಒಂಬತ್ತು ನಿಮಿಷ ತಡ ಮಾಡಿದ್ದು ನಾನು. ಅದನ್ನ ಬೇಕಾದ್ರೆ ಬರಿ. ತಪ್ಪು ನಂದು ಅಂತ ಹಾಕು."

"ಒಂದು ಪಟ್ಟಿ ಇದ್ದಿದ್ರೆ ಅವನು ನಮ್ಮನೆ ಬಾಗಿಲಿಗೇ ಬರ್ತಿರ್ಲಿಲ್ಲ."

"ಅದು ನಿಂಗೆ ಗೊತ್ತು, ನಂಗೆ ಗೊತ್ತು. ಆ ವಿಶ್ವವಿದ್ಯಾಲಯದವ್ರಿಗೆ ಯಾರು ಹೇಳ್ತಾರೆ? ನಿಂಗೇನು ಹುಚ್ಚಾ?" ನಾನು ಅವಳ ಮಣಿಕಟ್ಟು ಹಿಡಿದೆ, ಗಟ್ಟಿಯಾಗಿಯೇ ಹಿಡಿದೆ. "ಇಪ್ಪತ್ತೆರಡು ವರ್ಷ ಕಣೇ ಅಕ್ಕಾ."

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸಿಟ್ಟಿಲ್ಲದೆ, ಚಿಕ್ಕವಳಿದ್ದಾಗ ನನ್ನ ಕೈಯಿಂದ ಕತ್ತರಿ ತೆಗೆದುಕೊಳ್ಳುತ್ತಿದ್ದಳಲ್ಲ, ಹಾಗೆ. ಆಮೇಲೆ 'ಇಲ್ಲ' ಒತ್ತಿ ಕಳಿಸಿಬಿಟ್ಟಳು.

ನಾನು ಗಳಗಳನೆ ಅತ್ತೆ. ಅಕ್ಕ ನನ್ನ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡೇ, ಇನ್ನೊಂದರಲ್ಲಿ ಮೊದಲ ಕಪಾಟಿನ ಪಟ್ಟಿ ಬರೆಯತೊಡಗಿದಳು.