ಪಾದ್ರಿಗಳ ಬೆನ್ನಿನ ಶಿಲುಬೆ

ಸುಬ್ರಹ್ಮಣ್ಯದ ಬಸ್ಸು ಪುತ್ತೂರಿನಲ್ಲಿ ಕೆಟ್ಟು ನಿಂತಿತು. ಡ್ರೈವರನ ಮೇಲಿನ ಸಿಟ್ಟು ಇಳಿಯಲೆಂದು ಹತ್ತಿರದ ಇಗರ್ಜಿಗೆ ಹೋಗಿ, ಹೆಂಗಸರ ಬದಿಯಲ್ಲಿ ಹಿಂದೆ ನೆಲದ ಮೇಲೆ ಕೂತೆ. ಭಾನುವಾರದ ಪೂಜೆ ಕೊಂಕಣಿಯಲ್ಲಿ ನಡೆದಿತ್ತು. ನನಗೆ ತಲೆಬುಡ ತಿಳಿಯಲಿಲ್ಲ.

ಪಕ್ಕದ ಮುದುಕಿ ನನ್ನ ಮುಖ ನೋಡಿ ಪಿಸುಗುಟ್ಟಿದರು. "ಈಗ ರೊಟ್ಟಿ, ದ್ರಾಕ್ಷಾರಸ ಅರ್ಪಿಸುದು. ಗಂಟೆ ಬಾರಿಸುವಾಗ ತಲೆ ಬಗ್ಗಿಸಿ ಅಮ್ಮ."

"ನಿಮಗೆ ಎಲ್ಲ ಬಾಯಿಪಾಠ" ಎಂದೆ.

"ಮೊನ್ನೆ ರೋಮಿನಿಂದ ಹೊಸ ಅಪ್ಪಣೆ ಬರುವವರೆಗೆ ಪೂಜೆ ಲ್ಯಾಟಿನ್‌ನಲ್ಲಿ ಇತ್ತು. ಒಂದಕ್ಷರ ತಿಳೀತಿರಲಿಲ್ಲ. ಪಾದ್ರಿಗಳು ಗೋಡೆಗೆ ಮುಖ ಮಾಡಿ ನಿಲ್ಲುದು. ಬೆನ್ನು ಬಗ್ಗಿದರೆ ಇಂಥದ್ದು, ತೋಳು ಎತ್ತಿದರೆ ಇಂಥದ್ದು ಅಂತ ನಾವು ಬೆನ್ನು ನೋಡಿಯೇ ಪೂಜೆ ಕಲಿತದ್ದು."

"ಈಗ ನಿಮ್ಮ ಕಡೆ ತಿರುಗಿದ್ದಾರಲ್ಲ, ಒಳ್ಳೆಯದಾಯಿತು."

"ಒಳ್ಳೇದೇ. ಮಾತು ಅರ್ಥ ಆಗ್ತದೆ." ಪಾದ್ರಿಗಳ ಕಡೆ ಕೈ ತೋರಿಸಿ ಹೇಳಿದರು: "ಆ ಮೇಲಂಗಿಯ ಬೆನ್ನಿಗೆ ಜರಿಯ ಶಿಲುಬೆ ಹೊಲಿದದ್ದು ನಾನು. ಒಂದಿಡೀ ಮಳೆಗಾಲ ಹಿಡಿಯಿತು. ಜನರಿಗೆ ಕಾಣುದು ಬೆನ್ನೇ ಅಲ್ವಾ ಅಂತ ಕುಸುರಿ ಎಲ್ಲ ಅಲ್ಲಿಗೇ ಹಾಕಿದೆ. ಎದುರಿಗೆ ಎಂತದೂ ಇಲ್ಲ. ಈಗ ನನ್ನ ಶಿಲುಬೆಯನ್ನು ಗೋಡೆ ನೋಡ್ತದೆ."

ಪಾದ್ರಿಗಳ ಎದೆಯ ಮೇಲಿನ ಬರಿಯ ಬಿಳಿ ಬಟ್ಟೆಯನ್ನೇ ನೋಡುತ್ತ ಕೂತೆ.

ಕೊನೆಯ ಆಶೀರ್ವಾದವಾಯಿತು. ಎಲ್ಲರೂ ಎದ್ದು ಹಾಡತೊಡಗಿದರು. ಪಾದ್ರಿಗಳು ಒಳಕೋಣೆಗೆ ಹೋಗಲು ತಿರುಗಿದರು. ಮುದುಕಿ ಹಾಡು ಬಿಟ್ಟು ನನ್ನ ಮೊಣಕೈ ಹಿಡಿದೆಳೆದರು.

"ಬೇಗ ನೋಡಿ ಅಮ್ಮ, ಬಾಗಿಲು ದಾಟುವ ಮೊದಲು!"